ಬೋಲ್ಟ್ ಸೀಟಿಗೆ ಪೌಡರ್ ಹತ್ತಿದೆ, ಆ ಚಕ್ರಗಳನ್ನು ಹಾಗೇ ಹಾಕಬೇಡಿ

ಸರ್, ನಿಮ್ಮ ಹಳೆಯ ಮರ್ಸಿಡಿಸ್ ಡಬ್ಲ್ಯೂ123 ಕಾರಿನ ಫುಕ್ಸ್ ಕಂಪನಿಯ ಅಲಾಯ್ ಚಕ್ರಗಳಿಗೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹೊಡೆದು ಒಲೆಯಲ್ಲಿ ಬೇಯಿಸುವುದು) ಮಾಡಿಸಿದ ಫೋಟೋ ನೋಡಿದೆ. ಬಣ್ಣ ಚೆನ್ನಾಗಿ ಬಂದಿದೆ. ಆದರೆ ಎರಡನೆಯ ಫೋಟೋದಲ್ಲಿ ಬೋಲ್ಟ್ ಸೀಟುಗಳೂ (ಬೋಲ್ಟ್ ತಲೆ ಕೂರುವ ಕುಳಿಗಳು) ಹಿಂಬದಿಯ ಹಬ್ ಮುಖವೂ (ಚಕ್ರ ಕಾರಿನ ಹಬ್ಬಿಗೆ ಒತ್ತಿ ಕೂರುವ ಮೈ) ಮುಂಭಾಗದಷ್ಟೇ ಮಿನುಗುತ್ತಿವೆ. ಅಂಗಡಿಯವರು ಏನನ್ನೂ ಮುಚ್ಚದೆ ಇಡೀ ಚಕ್ರಕ್ಕೆ ಪೌಡರ್ ಹೊಡೆದಿದ್ದಾರೆ. ಭಾನುವಾರದ ಓಟಕ್ಕೆ ಇವನ್ನು ಹಾಕುತ್ತೇನೆ ಎಂದು ಬರೆದಿದ್ದೀರಿ, ದಯವಿಟ್ಟು ಬೇಡ.

ನಾನೂ ಹೀಗೆಯೇ ಹಾಕಿಕೊಂಡು ಹೊರಟವನು. ಟಾರ್ಕ್ ರೆಂಚ್ ಹಿಡಿದು ಸರಿಯಾಗಿ 110 ನ್ಯೂಟನ್ ಮೀಟರ್‌ಗೆ ಬಿಗಿದಿದ್ದೆ. ತುಮಕೂರು ದಾಟುವಷ್ಟರಲ್ಲಿ ಸ್ಟೀರಿಂಗ್ ಅದುರತೊಡಗಿತು. ಇಳಿದು ನೋಡಿದರೆ ಮುಂದಿನ ಎಡ ಚಕ್ರದ ಬೋಲ್ಟ್‌ಗಳು ಬೆರಳಲ್ಲೇ ತಿರುಗುತ್ತಿದ್ದವು. ಪೌಡರ್ ಪದರ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ. ಬೋಲ್ಟ್ ತಲೆಯಡಿ ಒಂದು ಪದರ, ಹಬ್ ಮುಖದಲ್ಲಿ ಇನ್ನೊಂದು. ಬ್ರೇಕಿನ ಬಿಸಿಗೆ, ಒತ್ತಡಕ್ಕೆ ಅದು ನಲುಗಿ ಪಕ್ಕಕ್ಕೆ ಸರಿಯುತ್ತದೆ. ಬಿಗಿದಾಗ ಬೋಲ್ಟ್ ಹಿಗ್ಗುವುದೇ ಕೂದಲೆಳೆಯಷ್ಟು. ಅಷ್ಟು ಜಾಗ ಬಿಟ್ಟರೆ ಬಿಗಿತವೇ ಉಳಿಯುವುದಿಲ್ಲ.

ಈಗ ಮಾಡಬೇಕಾದದ್ದು: ಬಣ್ಣ ಕೀಳುವ ಜೆಲ್ಲಿನಲ್ಲಿ ಹತ್ತಿಯನ್ನು ಅದ್ದಿ ಪ್ರತಿ ಸೀಟಿನಲ್ಲಿ ಕೂರಿಸಿ, ಪದರ ಉಬ್ಬಿದ ಮೇಲೆ ಮರದ ಕಡ್ಡಿಯಿಂದ ಕೆರೆಯಿರಿ. ಕೈಗವಸು ಹಾಕಿಕೊಂಡು, ಬಯಲಲ್ಲಿ ಮಾಡಿ. ಡ್ರಿಲ್ಲಿಗೆ ಕಲ್ಲು ಸಿಕ್ಕಿಸಿ ಉಜ್ಜಲೇಬೇಡಿ. ಇದು ಗೋಲಾಕಾರದ ಸೀಟು; ಆಕಾರ ಕೆಟ್ಟರೆ ಚಕ್ರವೇ ಹೋಯಿತು. ಹಬ್ ಮುಖಕ್ಕೂ ನಡುವಿನ ರಂಧ್ರಕ್ಕೂ ಅದೇ ಜೆಲ್, ನಂತರ ಸ್ಕಾಚ್‌ಬ್ರೈಟ್ ಉಜ್ಜುವ ಪ್ಯಾಡು. ಬರಿ ಲೋಹ ಕಾಣಬೇಕು. ಹಾಕಿ 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ರೆಂಚ್ ಹಿಡಿದು ನೋಡಿ.

ಮುಂದಿನ ಸಲ ಸೀಟುಗಳಿಗೆ ಸಿಲಿಕೋನ್ ಬಿರಡೆ, ಹಬ್ ಮುಖಕ್ಕೆ ಹಸಿರು ಪಾಲಿಯೆಸ್ಟರ್ ಟೇಪು ನೀವೇ ಅಂಟಿಸಿ ಕೊಡಿ. ಗೇಟು, ಗ್ರಿಲ್ಲುಗಳಿಗೆ ಹೊಡೆಯುವ ಅಂಗಡಿಗೆ ಕಾರಿನ ಚಕ್ರ ಕೊಟ್ಟು, ಅವರೇ ಎಲ್ಲ ನೋಡಿಕೊಳ್ಳುತ್ತಾರೆ ಎಂದುಕೊಳ್ಳುವುದು ನಮ್ಮದೇ ತಪ್ಪು. ಪೌಡರ್ ಬ್ರಾಂಡುಗಳಲ್ಲಿ ನನಗೆ ಇಂಟರ್‌ಪಾನ್ ಹಿಡಿಸಿದೆ, ಜೋಟುನ್ ಆದರೂ ಸರಿ. ಆದರೆ ಹೊರಾಂಗಣದ ಪಾಲಿಯೆಸ್ಟರ್ ಎಂದು ಡಬ್ಬದ ಮೇಲೆ ಓದಿ ನೋಡಿ. ಬರೀ ಎಪಾಕ್ಸಿ ಪೌಡರ್ ಬಿಸಿಲಿಗೆ ಮಂಕಾಗಿ ಸುಣ್ಣದಂತೆ ಪುಡಿಯೇಳುತ್ತದೆ.

ಹಳೆಯ ಬಣ್ಣ ಹೇಗೆ ತೆಗೆಸಿದಿರಿ ಎಂದು ನೀವು ಬರೆದಿಲ್ಲ, ಅದನ್ನು ಮೊದಲು ವಿಚಾರಿಸಿ. ಸುಡುವ ಒಲೆಯಲ್ಲಿ 400 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿದ್ದರೆ ಲೋಹದ ಹದವೇ ಇಳಿದಿರುತ್ತದೆ, ಆ ಚಕ್ರವನ್ನು ರಸ್ತೆಗೆ ತರಬಾರದು. ಕಾಸ್ಟಿಕ್ ತೊಟ್ಟಿಯೂ ಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಪೌಡರ್ ಬೇಯಲು 180ರಿಂದ 200 ಡಿಗ್ರಿ ಸಾಕು, ಅದಕ್ಕಿಂತ ಮೇಲೆ ಹೋಗಲು ಬಿಡಬೇಡಿ. ಒಲೆಯ ಗಾಳಿಯದಲ್ಲ, ಚಕ್ರದ ನಡುವಿನ ದಪ್ಪ ಭಾಗದ ಬಿಸಿ ನೋಡಬೇಕು. ಬರಿ ಲೋಹದ ಮೇಲೆ ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದರೆ ಕಡಿಮೆ ತೋರಿಸುತ್ತದೆ. ಅದರ ಬದಲು ಲೋಹಕ್ಕೇ ತಗುಲಿಸಿ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಕಟ್ಟಿಸಿ.

ನಿಮ್ಮದು ಫೋರ್ಜ್ ಮಾಡಿದ (ಲೋಹವನ್ನು ಒತ್ತಿ ರೂಪಿಸಿದ) ಚಕ್ರ, ಹಾಗಾಗಿ ಪೌಡರ್ ಪದರದಲ್ಲಿ ಸೂಜಿರಂಧ್ರ ಬೀಳುವ ಕಾಟ ಕಡಿಮೆ. ಎರಕದ ಚಕ್ರ ಇರುವವರು ಪೌಡರ್ ಹೊಡೆಯುವ ಮೊದಲು ಒಮ್ಮೆ ಬರಿದೇ ಬೇಯಿಸಿ, ಒಳಗಿನ ಗಾಳಿ, ಎಣ್ಣೆ ಹೊರಬರಲಿ. ಗೀರು ತುಂಬಲು ಬಾಡಿ ಪುಟ್ಟಿ ಬಳಸಬೇಡಿ, ಆ ಬಿಸಿಗೆ ಅದು ನಿಲ್ಲುವುದಿಲ್ಲ. ಬಿರುಕಿದ್ದರೆ ವೆಲ್ಡಿಂಗ್ ಆಸೆ ಬಿಟ್ಟು ಬೇರೆ ಚಕ್ರ ಹುಡುಕಿ.

ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕವನ್ನೇ ಕೇಳಿ. ಕ್ಲಿಪ್ ತೂಕ ಅಂಚಿನ ಪೌಡರನ್ನು ಸೀಳುತ್ತದೆ, ಅಲ್ಲಿಂದ ನೀರು ನುಗ್ಗಿ ಪದರದಡಿ ಹುಳು ಹರಿದಂತೆ ತುಕ್ಕು ಹಬ್ಬುತ್ತದೆ. ಹಾಗೆಯೇ ಡಿಕ್ಕಿಯಲ್ಲಿರುವ ಸ್ಟೆಪ್ನಿ ಉಕ್ಕಿನದಾಗಿದ್ದರೆ ಅದರ ಗಿಡ್ಡ ಬೋಲ್ಟ್‌ಗಳನ್ನು ಜೊತೆಗೇ ಇಟ್ಟುಕೊಳ್ಳಿ. ಅಲಾಯ್ ಚಕ್ರದ ಉದ್ದ ಬೋಲ್ಟ್ ಅದಕ್ಕೆ ಹಾಕಿದರೆ ಹಿಂಬದಿಯಲ್ಲಿ ತುದಿ ಒಳಹೊಕ್ಕು ಹ್ಯಾಂಡ್‌ಬ್ರೇಕಿನ ಭಾಗಗಳಿಗೆ ತಗಲುತ್ತದೆ.