ಸಾರಿನಪುಡಿ ಮತ್ತು ಸ್ವಿಚ್‌ಬೋರ್ಡ್

ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: ‘ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದೆ. ವೈಫೈ ಒಂದು ಬಿಟ್ಟು ಎಲ್ಲ ನಡೆಯುತ್ತಿದೆ. ಕೇಳಿದರೆ, ಚಿಪ್ ಕಂಪನಿ ಡೇಟಾಶೀಟ್, ಅಂದರೆ ಚಿಪ್ಪಿನ ವಿವರಪಟ್ಟಿ, ಕೊಡುವುದಿಲ್ಲ ಅಂತಾರೆ. ಯಾವ ಅಡುಗೆ ಭಟ್ಟರು ತಮ್ಮ ಸಾರಿನಪುಡಿಯ ಗುಟ್ಟು ಹೇಳಿದ್ದಾರೆ ಸ್ವಾಮಿ? ಕಂಪನಿಯದೇನು ತಪ್ಪು?’

ಮಾನ್ಯರೇ,

ಸಾರಿನಪುಡಿಯ ಮಾತು ರುಚಿಯಾಗಿದೆ. ಆದರೆ ಪುಡಿಗೆ ಏನೇನು ಹುರಿದು ಹಾಕಿದಿರಿ ಎಂದು ಡ್ರೈವರ್ (ಕಂಪ್ಯೂಟರಿಗೂ ಚಿಪ್ಪಿಗೂ ಮಾತು ಕೂಡಿಸುವ ಪ್ರೋಗ್ರಾಮ್) ಬರೆಯುವವರು ಯಾರೂ ಕೇಳುತ್ತಿಲ್ಲ. ರಿಜಿಸ್ಟರ್ ಎಂದರೆ ಚಿಪ್ಪಿನೊಳಗಿನ ಪುಟ್ಟ ಖಾನೆ; ಯಾವ ರಿಜಿಸ್ಟರಿಗೆ ಯಾವ ಸಂಖ್ಯೆ ಬರೆದರೆ ರೇಡಿಯೋ ಎಚ್ಚರಗೊಳ್ಳುತ್ತದೆ, ಯಾವುದಕ್ಕೆ ಚಾನೆಲ್ ಬದಲಾಗುತ್ತದೆ, ಅಷ್ಟು ಹೇಳಿದರೆ ಸಾಕು. ಬಾಡಿಗೆ ಮನೆಗೆ ಹೋದ ಮೊದಲ ದಿನ ಹತ್ತು ಸ್ವಿಚ್ಚಿನ ಬೋರ್ಡ್ ಮುಂದೆ ನಿಂತಿರುತ್ತೀರಲ್ಲ, ಹಾಗೆ. ಯಾವುದು ಫ್ಯಾನು, ಯಾವುದು ಗೀಸರು ಎಂದು ಓನರ್ ತೋರಿಸಿದರೆ ಮನೆಪತ್ರವನ್ನೇನೂ ಕೈಗಿಟ್ಟಂತಾಗುವುದಿಲ್ಲ. ತೋರಿಸದಿದ್ದರೆ ಒಂದೊಂದೇ ಒತ್ತಿ ನೋಡಬೇಕು. ಚಿಪ್ಪಿನಲ್ಲಿ ಅಂಥವು ನೂರಾರು, ತಪ್ಪು ಒತ್ತಿದರೆ ಯಂತ್ರವೇ ಮರಗಟ್ಟಿ ಕೂರುತ್ತದೆ.

ಬ್ರಾಡ್‌ಕಾಮ್ ವೈಫೈ ಚಿಪ್ಪುಗಳ ಕಥೆ ಇದೇ. ಒಂದು ತಂಡ ಕಂಪನಿಯ ಡ್ರೈವರನ್ನು ಬಿಚ್ಚಿ, ಅದರ ನಡೆಯನ್ನೆಲ್ಲ ಬರೆದಿಟ್ಟಿತು. ಆ ಡ್ರೈವರಿನತ್ತ ತಲೆ ಹಾಕದ ಇನ್ನೊಂದು ತಂಡ, ಬರೀ ಆ ಬರಹ ಓದಿಕೊಂಡು ಹೊಸ ಡ್ರೈವರ್ ಬರೆಯಿತು. ನಾಳೆ ಯಾರೂ ಕದ್ದಿರಿ ಅನ್ನಬಾರದಲ್ಲ! ಕಂಪನಿ ತನ್ನ ಹೊಸ ಚಿಪ್ಪುಗಳಿಗೆ ತಾನೇ ಮುಕ್ತ ಡ್ರೈವರ್ (ಯಾರು ಬೇಕಾದರೂ ಓದಿ ತಿದ್ದಬಹುದಾದದ್ದು) ಕೊಟ್ಟದ್ದು 2010ರಲ್ಲಿ. ಎಎಂಡಿ 2007ರಲ್ಲೇ ತನ್ನ ರೇಡಿಯಾನ್ ಗ್ರಾಫಿಕ್ಸ್ ಕಾರ್ಡುಗಳ ದಾಖಲೆ ಹೊರಬಿಟ್ಟಿತ್ತು, ಅಂಗಡಿಯನ್ನೇನೂ ಮುಚ್ಚಲಿಲ್ಲ. ಎನ್‌ವಿಡಿಯಾ ಕಾರ್ಡುಗಳದ್ದು ಇನ್ನೊಂದು ಬಗೆ: 2014ರ ನಂತರದವಕ್ಕೆ ಕಂಪನಿಯ ಡಿಜಿಟಲ್ ಸಹಿ ಇರುವ ಫರ್ಮ್‌ವೇರೇ (ಕಾರ್ಡಿನೊಳಗೇ ಓಡುವ ಪ್ರೋಗ್ರಾಮ್) ಬೇಕು. ಸ್ವಿಚ್ ಎಲ್ಲಿದೆ ಎಂದು ಪತ್ತೆ ಹಚ್ಚಿದವರಿಗೆ ಅದರ ಮೇಲೊಂದು ಬೀಗ ಕಂಡಿತು. ಹೀಗಾಗಿ ಹೊರಗಿನವರು ಲಿನಕ್ಸ್‌ಗೆಂದು ಬರೆದ ನೂವೋ ಎಂಬ ಡ್ರೈವರಿನಲ್ಲಿ ಆ ಕಾರ್ಡುಗಳು ಎಷ್ಟೋ ವರ್ಷ ಆಮೆ ವೇಗದಲ್ಲೇ ಓಡಿದವು.

ಕಂಪನಿಗಳಿಗೂ ಅಂಜಿಕೆಗಳಿವೆ, ಒಪ್ಪುತ್ತೇನೆ: ಪೇಟೆಂಟ್ ವ್ಯಾಜ್ಯ, ಬೇರೆಯವರಿಂದ ಕರಾರಿನ ಮೇಲೆ ತಂದ ಬಿಡಿಭಾಗ. ಆದರೆ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನೇ, ಒಂದು ಪ್ರೋಗ್ರಾಮ್ ಇನ್ನೊಂದರ ಜೊತೆ ಹೊಂದಿಕೊಂಡು ನಡೆಯಲು ಬೇಕಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿಯನ್ನು ನ್ಯಾಯವಾಗಿ ಪಡೆದ ಪ್ರೋಗ್ರಾಮಿನಿಂದ ಹುಡುಕಿ ತೆಗೆಯಲು ಅವಕಾಶ ಕೊಟ್ಟಿದೆ.

ಇದು ಲಿನಕ್ಸ್‌ನವರ ಪಾಡು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕಚೇರಿಯ ಮೂಲೆಯಲ್ಲೊಂದು ಸ್ಕ್ಯಾನರ್ ಇದೆ. ಪ್ಲಗ್ ಹಾಕಿದರೆ ಇವತ್ತಿಗೂ ಗರ್ರ್ ಎಂದು ದೀಪ ಅತ್ತಿಂದಿತ್ತ ಹೋಗಿಬರುತ್ತದೆ. ವಿಂಡೋಸ್ ಹೊಸದಾದಾಗ ತಯಾರಕರು ಡ್ರೈವರ್ ನಿಲ್ಲಿಸಿದರು. ಈಗ ಅದರ ಮೇಲೆ ಹಳೇ ಸಂಚಿಕೆಗಳ ಕಟ್ಟು, ಪಕ್ಕದಲ್ಲಿ ಕಾಫಿ ಫ್ಲಾಸ್ಕು.

ಸದ್ಯಕ್ಕೆ ನಿಮಗೆ ಬೇಕಾದದ್ದು ಒಂದು ಯುಎಸ್‌ಬಿ ವೈಫೈ ಡಾಂಗಲ್. ಎಸ್‌ಪಿ ರೋಡಿನಲ್ಲಿ ಡಬ್ಬಿಯ ಮೇಲಿನ ಮಾಡೆಲ್ ನೋಡಿ ಕೊಳ್ಳಬೇಡಿ. ಅದೇ ಹೆಸರು, ಅದೇ ಡಬ್ಬಿ, ಒಳಗಿನ ಚಿಪ್ ಮಾತ್ರ ಬೇರೆ ಆಗಿರುವುದುಂಟು. ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋಗಿ, ದುಡ್ಡು ಕೊಡುವ ಮುಂಚೆ ಚುಚ್ಚಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಪಕ್ಕದಂಗಡಿ ಇದ್ದೇ ಇದೆ. ಭಾನುವಾರ ಮಾತ್ರ ಬೇಡ, ಬಹಳ ಕಡೆ ಷಟರ್ ಎಳೆದಿರುತ್ತಾರೆ.

– ಸಂ.