30 ದಿನ ಹಳೆಯದಾದ ಟಿಫ್ ಫೈಲುಗಳನ್ನು ತಾನಾಗಿಯೇ ಅಳಿಸುವ ಸ್ಕ್ರಿಪ್ಟ್: ನಾನು ಬರೆಯದೇ ಇರಬೇಕಾಗಿದ್ದ ಒಂದು ಸಾಲು

ಹಳೆಯ ಟಿಫ್ (ಸ್ಕ್ಯಾನ್ ಮಾಡಿದ ಚಿತ್ರಗಳ) ಫೈಲುಗಳನ್ನು ಅಳಿಸುವ ಸಾಲೊಂದನ್ನು ಕೊಟ್ಟು, ಅಂಥ ಸ್ಕ್ರಿಪ್ಟನ್ನು ಹೇಗೆ ಬರೆಯಬೇಕೆಂದು ಕೇಳಿದ್ದೀರಿ. ಒಂದು ಪದದ ಸ್ಥಾನವನ್ನು ಬಿಟ್ಟರೆ, ಅದೇ ಸಾಲನ್ನು 2014ರಲ್ಲಿ ನಾನೂ ಬರೆದಿದ್ದೆ. ಆಗ ಮುಂಬೈಯ ದಾದರಿನ ಸಣ್ಣ ಮುದ್ರಣಾಲಯವೊಂದರಲ್ಲಿ ಪುಟವಿನ್ಯಾಸದ ಜೊತೆಗೆ ಲಿನಕ್ಸ್ ಸರ್ವರಿನ ಉಸ್ತುವಾರಿಯೂ ನನ್ನದಾಗಿತ್ತು. ಉಡುಪಿ ಹೋಟೆಲುಗಳ ಮೆನು ಕಾರ್ಡು, ಮದುವೆಯ ಕರೆಯೋಲೆಗಳ ಸ್ಕ್ಯಾನುಗಳಿಂದ ಡಿಸ್ಕ್ ಪದೇ ಪದೇ ತುಂಬುತ್ತಿತ್ತು. ಫೈಲು ಹುಡುಕುವ 'ಫೈಂಡ್' ಆದೇಶಕ್ಕೆ ಹೆಸರಿನ ಕೊನೆಯಲ್ಲಿ ಟಿಫ್ ಇರಬೇಕೆಂಬ ಷರತ್ತು, 30 ದಿನ ದಾಟಿರಬೇಕೆಂದು 'ಎಂಟೈಮ್' +30, ಕೊನೆಯಲ್ಲಿ 'ಡಿಲೀಟ್' ಕೊಟ್ಟು, ರಾತ್ರಿ 2 ಗಂಟೆಗೆ ಓಡುವಂತೆ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಆದೇಶಗಳನ್ನು ತಾನಾಗಿಯೇ ಓಡಿಸುವ ವ್ಯವಸ್ಥೆಗೆ) ಹಾಕಿದೆ.

ಐದು ತಿಂಗಳ ನಂತರ ಮಾಟುಂಗಾದ ಹಿರಿಯರೊಬ್ಬರು, ಪತ್ನಿಯ ವರ್ಷಾಬ್ದಿಕದಂದು ಹಂಚುವ ಪುಸ್ತಿಕೆಗೆಂದು 86 ಹಳೆಯ ಚಿತ್ರಗಳಿದ್ದ ಪೆನ್‌ಡ್ರೈವ್ ತಂದರು. ಅವನ್ನು ಆರ್‌ಸಿಂಕ್ ಎಂಬ ಆದೇಶದಿಂದ ಸರ್ವರಿಗೆ ನಕಲು ಮಾಡಿ, "ಎಲ್ಲವೂ ಬಂದಿವೆ ರಾಯರೇ" ಎಂದು ಹೇಳಿ ಹಿಂದಿರುಗಿಸಿದೆ. ಆ ಮಾತನ್ನು ನಂಬಿ ಅವರ ಮೊಮ್ಮಗ ಅದೇ ರಾತ್ರಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ ಸಿನಿಮಾ ತುಂಬಿಸಿಕೊಂಡ. ಬೆಳಿಗ್ಗೆ ನೋಡಿದರೆ ಸರ್ವರಿನ ಫೋಲ್ಡರ್ ಖಾಲಿಯಾಗಿತ್ತು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಎಂಟೈಮ್ ಎಂದರೆ ಫೈಲು ನಮ್ಮಲ್ಲಿಗೆ ಬಂದ ದಿನವಲ್ಲ, ಅದರೊಳಗಿನ ಮಾಹಿತಿ ಕಡೆಯ ಬಾರಿ ಬದಲಾದ ಹೊತ್ತು. ಆರ್‌ಸಿಂಕ್‌ಗೆ 'ಎ' ಆಯ್ಕೆ ಕೊಟ್ಟರೆ ಮೂಲದ ತಾರೀಖೇ ನಕಲಿಗೂ ಬರುತ್ತದೆ. ಆ ಚಿತ್ರಗಳನ್ನು 2009ರಲ್ಲಿ ಸ್ಕ್ಯಾನ್ ಮಾಡಿಸಿದ್ದರಿಂದ, ಹಿಂದಿನ ಸಂಜೆಯಷ್ಟೇ ಬಂದ ಫೈಲುಗಳು ಸ್ಕ್ರಿಪ್ಟಿನ ಲೆಕ್ಕದಲ್ಲಿ ಐದು ವರ್ಷ ಹಳೆಯವಾಗಿದ್ದವು. ನಮ್ಮದೇ ಸ್ಕ್ಯಾನರಿನ ಫೈಲುಗಳಿಗೆ ಹುಟ್ಟಿದ ದಿನವೂ ಬಂದ ದಿನವೂ ಒಂದೇ ಆದ್ದರಿಂದ ಅಷ್ಟು ದಿನ ಈ ದೋಷ ಕಾಣಿಸಿಕೊಂಡಿರಲಿಲ್ಲ. 'ಡಿಲೀಟ್' ಮಾಡಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಪೆನ್‌ಡ್ರೈವಿನಿಂದ ಫೋಟೊರೆಕ್ ತಂತ್ರಾಂಶದ ಮೂಲಕ 51 ಚಿತ್ರಗಳನ್ನು ಹೊರತೆಗೆದೆ. ಸಿಗದ 35ರಲ್ಲಿ, ರಾಯರ ಪತ್ನಿ ಚಾಳಿನ ಮೆಟ್ಟಿಲ ಮೇಲೆ ಕುಳಿತು ಮಲ್ಲಿಗೆ ಕಟ್ಟುತ್ತಿದ್ದ ಚಿತ್ರವೂ ಇತ್ತು. ಮುಖಪುಟಕ್ಕೆ ಅದೇ ಬೇಕೆಂದು ಅವರು ಬೆರಳಿಟ್ಟು ತೋರಿಸಿದ್ದರು.

ಆದ್ದರಿಂದ ಅಳಿಸುವ ಸ್ಕ್ರಿಪ್ಟನ್ನು ಹೇಗೆ ಬರೆಯಬೇಕೆಂದು ನಾನು ಹೇಳಿಕೊಡುವುದಿಲ್ಲ. ಸ್ಥಳಾಂತರಿಸುವ ಸ್ಕ್ರಿಪ್ಟ್ ಬರೆಯಿರಿ. ಟಿಫ್ ಎಂಬ ಬಾಲದಿಂದ ಫೈಲು ಬೇಕೋ ಬೇಡವೋ ಎಂಬುದು ತಿಳಿಯುವುದಿಲ್ಲ. ಎಂಟೈಮ್ ಬದಲು, ನಕಲಾದಾಗ ಹೊಸದಾಗುವ 'ಸಿಟೈಮ್' ನೋಡಿ, ಆಯಾ ದಿನದ ತಾರೀಖಿನ ಫೋಲ್ಡರಿಗೆ ಸರಿಸಿ, ತಿಂಗಳ ಕೊನೆಗೆ ಕಣ್ಣಾರೆ ಕಂಡು ಕೈಯಾರೆ ಅಳಿಸಿ.

ಇನ್ನು ಆ ಪದದ ಸ್ಥಾನ: ನಿಮ್ಮ ಸಾಲಿನಲ್ಲಿ 'ಡಿಲೀಟ್' ಎಂಬುದು ಟಿಫ್ ಷರತ್ತಿಗಿಂತ ಮೊದಲೇ ಇದೆ. ಫೈಂಡ್ ಷರತ್ತುಗಳನ್ನು ಎಡದಿಂದ ಬಲಕ್ಕೆ ಪಾಲಿಸುವುದರಿಂದ, ಅದು ಫೈಲಿನ ಬಗೆಯನ್ನು ನೋಡುವ ಮೊದಲೇ ಅಳಿಸಿಬಿಡುತ್ತದೆ. ದಯವಿಟ್ಟು ಇಂದು ರಾತ್ರಿಯೊಳಗೆ ಅದನ್ನು ಕ್ರಾನ್‌ನಿಂದ ತೆಗೆಯಿರಿ.