ಅಜ್ಜನ ಕತ್ತಿಯಿಂದ ಶುರು ಮಾಡಿ

ನಮಸ್ಕಾರ,

ಮಾದಕ ವಸ್ತು ನಿಷೇಧ ಬೇಡ ಅನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ, ಒಂದು ಸಲ ಕಚೇರಿಯಲ್ಲಿ, ಇನ್ನೊಂದು ಸಲ ಉಡುಪಿಯಿಂದ ಮಂಗಳೂರಿಗೆ ಬರುವ ಬಸ್ಸಿನಲ್ಲಿ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಉಂಟು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. ಗಾಂಜಾ ಸೇದಿದವನಿಗೆ ಹತ್ತು ವರ್ಷ ಜೈಲು ಅಂತ ಬರೆದಿದ್ದೀರಿ. ಹಾಗಿಲ್ಲ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇದಿದ್ದಕ್ಕೆ ಹೆಚ್ಚೆಂದರೆ ಆರು ತಿಂಗಳು ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕನಿಷ್ಠ ಹತ್ತು ವರ್ಷ ಅನ್ನುವುದು 20 ಕೆಜಿಗಿಂತ ಜಾಸ್ತಿ ಗಾಂಜಾ ಸಿಕ್ಕಿದರೆ. ಪೋರ್ಚುಗಲ್‌ನಲ್ಲಿ ಎಲ್ಲವನ್ನೂ ಮುಕ್ತವಾಗಿ ಮಾರಬಹುದು ಅಂದಿದ್ದೀರಿ, ಅದೂ ತಪ್ಪು. 2001ರಲ್ಲಿ ಅವರು ಸ್ವಂತಕ್ಕೆ ಸ್ವಲ್ಪ ಇಟ್ಟುಕೊಳ್ಳುವುದನ್ನು ಕ್ರಿಮಿನಲ್ ಅಪರಾಧ ಅಲ್ಲ ಅಂತ ಮಾಡಿದರು, ಅಷ್ಟೇ. ಮಾರಿದವನಿಗೆ ಈಗಲೂ ಜೈಲೇ. ಇಂಥ ಒಂದು ತಪ್ಪು ಸಿಕ್ಕಿದರೆ ಸಾಕು, ನಿಮ್ಮನ್ನು ಒಪ್ಪದವರು ಮುಂದಿನ ಪುಟ ತಿರುಗಿಸುವುದಿಲ್ಲ.

ಅಮೆರಿಕದ 1920ರಿಂದ 1933ರ ಪಾನನಿಷೇಧಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ನಮ್ಮ ಊರಿನದ್ದು ಎಲ್ಲಿ ಮಾರಾಯ್ರೇ? 1948ರಲ್ಲಿ ಮದರಾಸು ಪ್ರಾಂತ್ಯ ಪೂರ್ತಿ ಪಾನನಿಷೇಧ ತಂದಾಗ ದಕ್ಷಿಣ ಕನ್ನಡ ಅದರೊಳಗೇ ಇತ್ತು, ಈಗಿನ ಉಡುಪಿಯೂ ಸೇರಿ. ಆರನೇ ಪುಟದಲ್ಲಿ ಒಂದೇ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: ನಿಮ್ಮ ಅಜ್ಜ ಮೂರ್ತೆ ಕೆಲಸದವರು, ಅಂದರೆ ಮರ ಹತ್ತಿ ಶೇಂದಿ ಇಳಿಸುವವರು, ನಿಷೇಧದ ಕಾಲದಲ್ಲಿ ಅವರ ಕತ್ತಿ ಮಾಡಿನ ಸಂದಿಯಲ್ಲಿ ತುಕ್ಕು ಹಿಡಿಯಿತು ಅಂತ. ಬಸ್ಸಿನಲ್ಲಿ ನಾನು ಅಲ್ಲೇ ನಿಂತೆ. ಆಮೇಲೆ ಅವರು ಎಂತ ಮಾಡಿದರು? ಕದ್ದು ಮರ ಹತ್ತಿದರಾ? ಮನೆಗೆ ಪೊಲೀಸರು ಬಂದಿದ್ದರಾ? ಊರಲ್ಲಿ ಕಳ್ಳಬಟ್ಟಿ ಕಾಯಿಸಿ ದುಡ್ಡು ಮಾಡಿದವರು ಯಾರು? ಮನೆಯಲ್ಲಿ ಹಿರಿಯರು ಇದ್ದರೆ ಇವತ್ತೇ ಕೂತು ಕೇಳಿ.

ಇನ್ನು ಮುಖ್ಯ ವಿಷಯ. 'ನನ್ನ ದೇಹ ನನ್ನದು, ಸರ್ಕಾರಕ್ಕೆ ಎಂತ ಕೆಲಸ' ಅನ್ನುವ ವಾದಕ್ಕೆ ನನ್ನ ಅರ್ಧ ಒಪ್ಪಿಗೆ ಉಂಟು. ಆದರೆ ಮಕ್ಕಳ ಬಗ್ಗೆ ಹೆದರುವ ತಂದೆ ತಾಯಿಯರನ್ನು 'ಭಾವುಕರು' ಅಂತ ತಳ್ಳಿಬಿಟ್ಟಿದ್ದೀರಲ್ಲ, ಅದು ನನಗೆ ನೋವಾಯಿತು. ನಮ್ಮ ಬೀದಿಯಲ್ಲಿ ಒಬ್ಬರು ತಾಯಿ, ಮಗ ರಾತ್ರಿ ಎದ್ದು ಹೋಗಬಾರದು ಅಂತ ಅವನ ಕೋಣೆಯ ಬಾಗಿಲಿಗೆ ಅಡ್ಡ ಚಾಪೆ ಹಾಕಿ ಮಲಗುತ್ತಿದ್ದರು. ತಿಂಗಳುಗಟ್ಟಲೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂದರೆ, ಪೊಲೀಸರಿಗೆ ಗೊತ್ತಾದರೆ ಅವನ ಗತಿ ಏನು ಅನ್ನುತ್ತಿದ್ದರು. ತಾನಾಗಿ ಚಿಕಿತ್ಸೆಗೆ ಬಂದು ಪೂರ್ತಿ ಮಾಡುವ ವ್ಯಸನಿಗೆ ಅದೇ ಕಾಯ್ದೆಯ 64ಎ ಸೆಕ್ಷನ್‌ನಲ್ಲಿ ಕೇಸಿನಿಂದ ರಕ್ಷಣೆ ಉಂಟು. ಅದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ನಂಬುತ್ತಿದ್ದರೋ ಇಲ್ಲವೋ. ಶಿಕ್ಷೆಯ ಹೆದರಿಕೆ ರೋಗಿಯನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ ಅನ್ನುವುದೇ ಅಲ್ವಾ ನಿಮ್ಮ ವಾದ? ಹಾಗಾದರೆ ಆ ತಾಯಿ ನಿಮ್ಮ ಕಡೆಯ ಸಾಕ್ಷಿ. ಅವರನ್ನು ಹೊರಗೆ ಕಳಿಸಬೇಡಿ. ಅಂಗಡಿಯಲ್ಲಿ ಸಲೀಸಾಗಿ ಸಿಕ್ಕಿದರೆ ನನ್ನ ಮಗ ಇನ್ನೂ ಬೇಗ ಹಾಳಾಗುತ್ತಿದ್ದ ಅಂತ ಅವರು ಕೇಳಿಯೇ ಕೇಳುತ್ತಾರೆ. ಅದಕ್ಕೂ ಉತ್ತರ ಬರೆಯಿರಿ. ಉತ್ತರ ಸಿಗದಿದ್ದರೆ ಹಾಗೆಂತಲೇ ಬರೆಯಿರಿ.

ಪಕ್ಷಗಳಿಗೆ ಬೈದಿರುವ ಕೊನೆಯ ಎರಡು ಪುಟ ತೆಗೆದುಬಿಡಿ. ಮಂಗಳೂರಿನ ಹಂಪನಕಟ್ಟೆಯಲ್ಲಿ ಜ್ಯೂಸ್ ಅಂಗಡಿ ಹಾಕಲು ಒಂದು ಕಾಗದಕ್ಕಾಗಿ ಅಲೆದದ್ದನ್ನು ಬರೆದಿದ್ದೀರಲ್ಲ, ಅದು ಚೆನ್ನಾಗಿದೆ, ಆದರೆ ಅದು ಬೇರೆಯೇ ಲೇಖನ, ಆಮೇಲೆ ಕಳಿಸಿ. ಇದು ಸಾವಿರ ಪದದೊಳಗೆ ಇರಲಿ, ಅವಸರ ಇಲ್ಲ. ಆ ಕತ್ತಿ ಇನ್ನೂ ಮನೆಯಲ್ಲಿದ್ದರೆ ಒಂದು ಫೋಟೋ ಕೂಡ ಕಳಿಸಿ.